ವೈರಸ್ ಇಲ್ಲದೆ ಜೀನ್ ತಲುಪಿಸೋದು: ನನ್ನನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಕ್ಕನ ಮಗನಿಗೆ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದ್ರೆ ಒಂದು ಜೀನ್‌ನ ತಪ್ಪಿನಿಂದ ಮಾಂಸಖಂಡಗಳು ನಿಧಾನಕ್ಕೆ ಬಲ ಕಳ್ಕೊಳೋ ಕಾಯಿಲೆ. ನಾನು ಕೆಲವು ವರ್ಷ ಲ್ಯಾಬ್‌ನಲ್ಲಿ ಲಿಪಿಡ್‌ಗಳ ಮೇಲೆ ಕೆಲಸ ಮಾಡಿದವಳು, ಅಂದ್ರೆ ಕೊಬ್ಬಿನ ಅಣುಗಳಲ್ಲಿ ಡಿಎನ್‌ಎ ಸುತ್ತಿ ಜೀವಕೋಶದ ಒಳಗೆ ಕಳಿಸೋ ಕೆಲಸ. ಹಾಗಾಗಿ ಮನೆಯಲ್ಲಿ, ನೆಂಟರ ಮದುವೇಲಿ, ಅಕ್ಕ ಫಿಸಿಯೋಥೆರಪಿಗೆ ಕರ್ಕೊಂಡು ಹೋಗೋ ಕಡೆ ಸಿಗೋ ತಂದೆತಾಯಿಗಳಿಂದ ಒಂದೇ ಥರದ ಪ್ರಶ್ನೆಗಳು ಬರ್ತಾನೇ ಇರತ್ವೆ. ಫೋನಲ್ಲಿ ಅರ್ಧಂಬರ್ಧ ಹೇಳೋದಕ್ಕಿಂತ ಕೂತು ಬರೆಯೋದೇ ಸರಿ ಅನ್ನಿಸ್ತು. ನಾನು ಡಾಕ್ಟರ್ ಅಲ್ಲ, ಚಿಕಿತ್ಸೆ ವಿಷಯ ನಿಮ್ಮ ಡಾಕ್ಟರ್ ಹತ್ರಾನೇ ಮಾತಾಡಿ.

ಜೀನ್ ಥೆರಪಿ ಅಂದ ತಕ್ಷಣ ವೈರಸ್ ಅಂತಾರಲ್ಲ, ವೈರಸ್ಸೇ ಯಾಕೆ ಬೇಕು?

ವೈರಸ್ ಬದುಕೋದೇ ಆ ಕೆಲಸದಿಂದ. ತನ್ನ ಜೀನ್‌ನ ಇನ್ನೊಬ್ಬರ ಜೀವಕೋಶದೊಳಗೆ ನುಗ್ಗಿಸೋದು ಬಿಟ್ರೆ ಅದಕ್ಕೆ ಬೇರೆ ಬಾಳೇ ಇಲ್ಲ, ಆ ಕೆಲಸದಲ್ಲಿ ಅದಕ್ಕೆ ಇರೋಷ್ಟು ಪಳಗಿದ ಕೈ ಇನ್ಯಾರಿಗೂ ಇಲ್ಲ. ವಿಜ್ಞಾನಿಗಳು ಅದರೊಳಗಿರೋ ರೋಗ ತರೋ ಭಾಗ ತೆಗೆದುಹಾಕಿ, ಆ ಜಾಗದಲ್ಲಿ ರೋಗಿಗೆ ಬೇಕಾದ ಜೀನ್ ಇಟ್ಟು ಕಳಿಸ್ತಾರೆ. ಈಗ ಹೆಚ್ಚಾಗಿ ಬಳಸೋದು ಎಎವಿ ಅನ್ನೋ ಪುಟ್ಟ ವೈರಸ್ಸು, ಮತ್ತೆ ಲೆಂಟಿವೈರಸ್ಸು.

ಟಿವಿಲಿ ಬರತ್ತಲ್ಲ, 16 ಕೋಟಿ ಇಂಜೆಕ್ಷನ್, ಅದೂ ಇದೇನಾ?

ಹೌದು. ಎಸ್‌ಎಂಎ, ಅಂದ್ರೆ ಬೆನ್ನುಹುರಿಯ ನರಕೋಶ ಸತ್ತು ಮಾಂಸಖಂಡ ಸೊರಗೋ ಕಾಯಿಲೆ, ಅದು ಇರೋ ಮಕ್ಕಳಿಗೆ ಕೊಡೋ ಝೋಲ್ಜೆನ್‌ಸ್ಮಾ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ಬೆಲೆ 21 ಲಕ್ಷ ಡಾಲರ್ ದಾಟಿತ್ತು. ಎಎವಿ9 ಅನ್ನೋ ವೈರಸ್ ಚಿಪ್ಪಿನಲ್ಲಿ ಜೀನ್ ಇಟ್ಟಿರ್ತಾರೆ. ಅದೇ ಕಾಯಿಲೆಗೆ 2016ರಲ್ಲೇ ಬಂದ ನುಸಿನರ್ಸೆನ್ ಅನ್ನೋದರಲ್ಲಿ ವೈರಸ್ ಇಲ್ಲ, ಒಂದು ಚಿಕ್ಕ ಕೃತಕ ಡಿಎನ್‌ಎ ಥರದ ತುಣುಕನ್ನ ಬೆನ್ನುಹುರಿಯ ದ್ರವಕ್ಕೆ ಚುಚ್ತಾರೆ, ಆದ್ರೆ ಮೊದಲ ಡೋಸ್‌ಗಳು ಮುಗಿದ ಮೇಲೂ 4 ತಿಂಗಳಿಗೊಮ್ಮೆ ಕೊಡ್ತಾ ಇರಬೇಕು.

ವೈರಸ್ ಅಷ್ಟು ಚೆನ್ನಾಗಿ ಕೆಲಸ ಮಾಡೋದಾದ್ರೆ ಬೇರೆ ದಾರಿ ಯಾಕೆ ಹುಡುಕಬೇಕು?

ಮೊದಲನೇದು ಜಾಗ. ಎಎವಿ ಒಳಗೆ ಸುಮಾರು 4,700 ಅಕ್ಷರದಷ್ಟು ಡಿಎನ್‌ಎ ಮಾತ್ರ ಹಿಡಿಸತ್ತೆ. ನಮ್ಮ ಹುಡುಗನಿಗೆ ಬೇಕಾಗಿರೋದು ಮಾಂಸಖಂಡವನ್ನ ಕಾಪಾಡೋ ಡಿಸ್ಟ್ರೋಫಿನ್ ಅನ್ನೋ ಪ್ರೋಟೀನ್, ಅದರ ಜೀನ್‌ನ ಕೆಲಸಕ್ಕೆ ಬರೋ ಭಾಗ ಮಾತ್ರ ತಗೊಂಡ್ರೂ ಸುಮಾರು 11,000 ಅಕ್ಷರ. ಅದಕ್ಕೇ ಅದನ್ನ ಕತ್ತರಿಸಿ ಮೈಕ್ರೊ ಡಿಸ್ಟ್ರೋಫಿನ್ ಅಂತ ಮಾಡಿ ತುಂಬ್ತಾರೆ, ಪೂರ್ತಿ ಪ್ರೋಟೀನ್ ಕೊಡೋಕೆ ಆಗಲ್ಲ.

ಎರಡನೇದು, ನನ್ನ ಪ್ರಕಾರ ಇದೇ ದೊಡ್ಡದು, ವೈರಸ್ ಸಾಮಾನ್ಯವಾಗಿ ಒಂದೇ ಸಲ ಕೊಡೋಕೆ ಆಗೋದು. ಒಮ್ಮೆ ಕೊಟ್ಟ ಮೇಲೆ ಮೈಯಲ್ಲಿ ಅದರ ವಿರುದ್ಧ ಆಂಟಿಬಾಡಿ ತುಂಬ್ಕೊಳತ್ತೆ, ಎರಡನೇ ಸಲ ಕೊಟ್ರೆ ದಾರಿಯಲ್ಲೇ ಹಿಡಿದು ಮುಗಿಸತ್ತೆ. ಎಷ್ಟೋ ಜನಕ್ಕೆ ಚಿಕ್ಕಂದಿನಲ್ಲೇ ಇಂಥ ವೈರಸ್ ಸುಮ್ಮನೆ ಬಂದು ಹೋಗಿರತ್ತೆ, ಅಂಥವರಿಗೆ ಮೊದಲ ಡೋಸ್ ಕೂಡ ಇಲ್ಲ. ಮಗು ಬೆಳೆದ ಹಾಗೆ ಲಿವರ್ ಜೀವಕೋಶಗಳು ಹೊಸದಾಗಿ ಹುಟ್ಟಿ ಕೊಟ್ಟ ಜೀನ್ ತೆಳುವಾಗ್ತಾ ಹೋಗತ್ತೆ, ಆಗ ಇನ್ನೊಂದು ಡೋಸ್ ಕೊಡೋಣ ಅಂದ್ರೆ ಬಾಗಿಲು ಮುಚ್ಚಿರತ್ತೆ.

ಮೂರನೇದು ಅಪಾಯ. 1999ರಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ಟ್ರಯಲ್‌ನಲ್ಲಿ ಜೆಸ್ಸಿ ಗೆಲ್ಸಿಂಗರ್ ಅನ್ನೋ 18 ವರ್ಷದ ಹುಡುಗ ಅಡಿನೋವೈರಸ್ ಡೋಸ್ ತಗೊಂಡು ನಾಲ್ಕೇ ದಿನದಲ್ಲಿ ತೀರ್ಕೊಂಡ. ಅದೇ ಸುಮಾರಿಗೆ ಪ್ಯಾರಿಸ್‌ನಲ್ಲಿ ರೋಗನಿರೋಧಕ ಶಕ್ತಿ ಇಲ್ಲದೆ ಹುಟ್ಟಿದ ಮಕ್ಕಳಿಗೆ ರೆಟ್ರೊವೈರಸ್ ಮೂಲಕ ಜೀನ್ ಕೊಟ್ರು, ಮಕ್ಕಳು ಚೇತರಿಸ್ಕೊಂಡ್ರು, ಆದ್ರೆ ಆ ವೈರಸ್ ಕೆಲವು ಮಕ್ಕಳಲ್ಲಿ ಡಿಎನ್‌ಎಯ ತಪ್ಪು ಜಾಗದಲ್ಲಿ ಹೋಗಿ ಕೂತು ಲುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರ್ ಬಂತು. ಇದೆಲ್ಲ ಹಳೇ ಕಥೆ ಅನ್ಕೋಬೇಡಿ, 2025ರಲ್ಲಿ ಡುಶೇನ್‌ಗೆ ಎಎವಿ ಚಿಕಿತ್ಸೆ ತಗೊಂಡ, ನಡೆಯೋಕೆ ಆಗದೇ ಇದ್ದ ಇಬ್ಬರು ಹುಡುಗರು ಲಿವರ್ ಫೇಲ್ ಆಗಿ ತೀರ್ಕೊಂಡ್ರು. ಆ ಸುದ್ದಿ ಓದಿದ ದಿನ ಅಕ್ಕ ಫೋನ್ ಮಾಡಿ ಎಷ್ಟೋ ಹೊತ್ತು ಏನೂ ಮಾತಾಡ್ಲಿಲ್ಲ.

ಸರಿ, ವೈರಸ್ ಬಿಡಿ. ಬರೀ ಡಿಎನ್‌ಎ ಚುಚ್ಚಿದ್ರೆ ಆಗಲ್ವಾ?

ಒಳ್ಳೇ ಪ್ರಶ್ನೆ, ವಿಜ್ಞಾನಿಗಳೂ ಇದನ್ನೇ ಕೇಳಿದ್ರು. 1990ರಲ್ಲಿ ವಿಸ್ಕಾನ್ಸಿನ್‌ನ ಜಾನ್ ವುಲ್ಫ್ ಅವರ ತಂಡ ಇಲಿಯ ಮಾಂಸಖಂಡಕ್ಕೆ ಬರೀ ಡಿಎನ್‌ಎ, ಇಲ್ಲ ಡಿಎನ್‌ಎಯ ನಕಲಿನಂಥ ಆರ್‌ಎನ್‌ಎ ಮಾತ್ರ ಚುಚ್ಚಿ ನೋಡಿದಾಗ ಅಲ್ಲಿ ಸ್ವಲ್ಪ ಪ್ರೋಟೀನ್ ತಯಾರಾಗಿತ್ತು. ಆದ್ರೆ ಸ್ವಲ್ಪ ಮಾತ್ರ, ಮತ್ತೆ ಚುಚ್ಚಿದ ಜಾಗದ ಸುತ್ತಮುತ್ತ ಮಾತ್ರ. ರಕ್ತಕ್ಕೆ ಬಿಟ್ರೆ ಅಲ್ಲಿರೋ ಎಂಜೈಮ್‌ಗಳು ಕತ್ತರಿಸಿ ಹಾಕತ್ವೆ. ಡಿಎನ್‌ಎಗೆ ಋಣ ವಿದ್ಯುದಂಶ, ಜೀವಕೋಶದ ಹೊರಮೈಗೂ ಋಣ, ಎರಡೂ ಒಂದನ್ನೊಂದು ದೂರ ತಳ್ಳತ್ವೆ. ಹೇಗೋ ಒಳಗೆ ಹೋದ್ರೂ ನ್ಯೂಕ್ಲಿಯಸ್ ಅನ್ನೋ ಇನ್ನೊಂದು ಕೋಣೆ ಇದೆ, ವಿಭಜನೆ ಆಗದೇ ಇರೋ ಜೀವಕೋಶದಲ್ಲಿ ಅದರ ಬಾಗಿಲು ದೊಡ್ಡ ಡಿಎನ್‌ಎಗೆ ತೆಗೆಯೋದೇ ಇಲ್ಲ ಅನ್ನಬಹುದು.

ಲಸಿಕೆಗೆ ಅಷ್ಟು ಸ್ವಲ್ಪ ಪ್ರೋಟೀನೇ ಸಾಕು. 2021ರ ಆಗಸ್ಟ್‌ನಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕ ಝೈಕೋವ್-ಡಿ ನೆನಪಿದೆಯಾ, ಅಹಮದಾಬಾದ್‌ನ ಝೈಡಸ್‌ದು, ಅದು ಮನುಷ್ಯರಿಗೆ ಅಂತ ಒಪ್ಪಿಗೆ ಪಡೆದ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ. ಸೂಜಿ ಇಲ್ಲದ ಉಪಕರಣದಲ್ಲಿ ಒತ್ತಡದಿಂದ ಚರ್ಮದೊಳಗೆ ಚಿಮ್ಮಿಸ್ತಿದ್ರು. ರೋಗನಿರೋಧಕ ಶಕ್ತಿಗೆ ಒಂದು ಸುಳಿವು ಕೊಟ್ರೆ ಮುಂದಿನದ್ದು ಅದೇ ನೋಡ್ಕೊಳತ್ತೆ. ಮೈಯಲ್ಲಿರೋ ಮಾಂಸಖಂಡಕ್ಕೆಲ್ಲ ಡಿಸ್ಟ್ರೋಫಿನ್ ತಲುಪಿಸೋದು ಅಂದ್ರೆ ಅದು ಬೇರೆಯದೇ ಲೆಕ್ಕ.

ನೀವು ಹೇಳೋ ಲಿಪಿಡ್ ಕಣ ಹೇಗೆ ಕೆಲಸ ಮಾಡತ್ತೆ? ಸ್ವಲ್ಪ ಬಿಡಿಸಿ ಹೇಳಿ.

ಇದು ನನ್ನ ಇಷ್ಟದ ವಿಷಯ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ.

1987ರಲ್ಲಿ ಫಿಲಿಪ್ ಫೆಲ್ಗ್ನರ್ ಮತ್ತೆ ಜೊತೆಗಾರರು ಧನ ವಿದ್ಯುದಂಶ ಇರೋ ಲಿಪಿಡ್ ಮಾಡಿ ಡಿಎನ್‌ಎ ಜೊತೆ ಕಲೆಸಿದ್ರು. ಧನ, ಋಣ ಅಂಟ್ಕೊಂಡು ಉಂಡೆ ಆಯ್ತು, ಆ ಉಂಡೆ ಜೀವಕೋಶಕ್ಕೂ ಅಂಟ್ಕೊಂಡು ಒಳಗೆ ಹೋಯ್ತು. ಲ್ಯಾಬ್‌ನಲ್ಲಿ ಗಾಜಿನ ತಟ್ಟೆಲಿ ಬೆಳೆಸಿದ ಜೀವಕೋಶಕ್ಕೆ ಅದ್ಭುತ. ನಾನೂ ಶುರು ಮಾಡಿದ್ದು ಇಂಥದ್ರಿಂದಲೇ, ಸ್ವಲ್ಪ ಜಾಸ್ತಿ ಹಾಕಿದ್ರೆ ಬೆಳಗ್ಗೆ ಬಂದು ಮೈಕ್ರೊಸ್ಕೋಪ್‌ನಲ್ಲಿ ನೋಡುವಾಗ ಜೀವಕೋಶಗಳೆಲ್ಲ ಸತ್ತು ತೇಲ್ತಾ ಇರೋವು. ಮೈಯೊಳಗೆ ಇನ್ನೂ ಕಷ್ಟ, ಯಾವಾಗ್ಲೂ ಧನ ಅಂಶ ಇರೋ ಕಣ ರಕ್ತದಲ್ಲಿರೋ ಪ್ರೋಟೀನ್‌ಗೆಲ್ಲ ಅಂಟಿ ಮುದ್ದೆ ಆಗತ್ತೆ, ವಿಷವೂ ಆಗತ್ತೆ.

ಇದನ್ನ ಬಿಡಿಸಿದ್ದು ಅಯಾನೀಕರಿಸಬಲ್ಲ ಲಿಪಿಡ್. ಕೆನಡಾದ ವ್ಯಾಂಕೂವರ್‌ನ ಪೀಟರ್ ಕಲಿಸ್ ಮತ್ತೆ ಅವರ ಜೊತೆಗಿದ್ದವರು ವರ್ಷಾನುಗಟ್ಟಲೆ ಇದರ ಹಿಂದೆ ಬಿದ್ದಿದ್ರು. ರಕ್ತದ ಪಿಎಚ್, ಅಂದ್ರೆ ಹುಳಿ ಎಷ್ಟಿದೆ ಅನ್ನೋ ಅಳತೆ, ಸುಮಾರು 7.4, ಅಲ್ಲಿ ಈ ಲಿಪಿಡ್‌ಗೆ ವಿದ್ಯುದಂಶ ಇರಲ್ಲ, ಸುಮ್ಮನೆ ಸಾಗತ್ತೆ. ಜೀವಕೋಶ ಅದನ್ನ ನುಂಗಿದಾಗ ಎಂಡೋಸೋಮ್ ಅನ್ನೋ ಚೀಲದೊಳಗೆ ಇಡತ್ತೆ, ಆ ಚೀಲ ನಿಧಾನಕ್ಕೆ ಹುಳಿ ಆಗ್ತಾ ಹೋಗತ್ತೆ, ಆ ಹುಳಿಗೆ ಲಿಪಿಡ್ ಧನ ಅಂಶ ಪಡ್ಕೊಂಡು ಚೀಲದ ಗೋಡೆಗೆ ಅಂಟಿ ಗೋಡೆ ಒಡೆದು ಒಳಗಿರೋ ಆರ್‌ಎನ್‌ಎನ ಆಚೆ ಬಿಡತ್ತೆ. ಎಲ್ಲಿ ಸುಮ್ಮನಿರಬೇಕು, ಎಲ್ಲಿ ಕೆಲಸ ಮಾಡಬೇಕು ಅನ್ನೋದು ಆ ಅಣುವಿನ ರಚನೆಯಲ್ಲೇ ಇದೆ. ಇದನ್ನ ಮೊದಲನೇ ಸಲ ಓದಿದಾಗ ನನಗೆ ಆದ ಖುಷಿ ಈಗ್ಲೂ ಹಾಗೇ ಇದೆ.

ಕಣದಲ್ಲಿ ಇದರ ಜೊತೆ ಕೊಲೆಸ್ಟ್ರಾಲ್, ಇನ್ನೊಂದು ಫಾಸ್ಫೋಲಿಪಿಡ್, ಹೊರಗಡೆ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್ ಅನ್ನೋ ರಾಸಾಯನಿಕ) ಅಂಟಿಸಿದ ಲಿಪಿಡ್, ಒಟ್ಟು ನಾಲ್ಕು ಸಾಮಾನು. ನಾಲ್ಕನ್ನೂ ಆಲ್ಕೋಹಾಲ್‌ನಲ್ಲಿ ಕರಗಿಸಿ, ಹುಳಿ ನೀರಲ್ಲಿರೋ ಆರ್‌ಎನ್‌ಎ ಜೊತೆ ಕೂದಲೆಳೆ ಅಗಲದ ನಾಳದಲ್ಲಿ ರಭಸವಾಗಿ ಸೇರಿಸಿದ್ರೆ ತಾವೇ ಒಟ್ಟುಗೂಡಿ ಸುಮಾರು 80ರಿಂದ 100 ನ್ಯಾನೊಮೀಟರ್‌ನ ಕಣ ಆಗತ್ವೆ. 2018ರಲ್ಲಿ ಒಪ್ಪಿಗೆ ಸಿಕ್ಕ ಪ್ಯಾಟಿಸಿರಾನ್ ಈ ದಾರಿಯ ಮೊದಲ ಆರ್‌ಎನ್‌ಎ ಔಷಧಿ, ಲಿವರ್ ತಪ್ಪಾಗಿ ಮಾಡೋ ಒಂದು ಪ್ರೋಟೀನ್‌ನ ತಡೆಯೋಕೆ 3 ವಾರಕ್ಕೊಮ್ಮೆ ಡ್ರಿಪ್ ಹಾಕ್ತಾರೆ. ಎರಡು ವರ್ಷ ಆದ್ಮೇಲೆ ಫೈಜರ್, ಮಾಡೆರ್ನಾ ಕೋವಿಡ್ ಲಸಿಕೆಗಳು ಬಂದಿದ್ದೂ ಇದೇ ಥರದ ಕಣದಲ್ಲಿ. ಎಂಆರ್‌ಎನ್‌ಎ, ಅಂದ್ರೆ ಯಾವ ಪ್ರೋಟೀನ್ ಮಾಡಬೇಕು ಅಂತ ಜೀವಕೋಶಕ್ಕೆ ಹೇಳೋ ಆರ್‌ಎನ್‌ಎ, ಅದರ ಕೆಲಸಕ್ಕೆ ಕಟಾಲಿನ್ ಕರಿಕೊ, ಡ್ರೂ ವೈಸ್‌ಮನ್ ಅವರಿಗೆ 2023ರಲ್ಲಿ ನೊಬೆಲ್ ಬಂತು, ಬರಲೇಬೇಕಿತ್ತು, ಆದ್ರೆ ಆ ಎಂಆರ್‌ಎನ್‌ಎನ ಹೊತ್ತುಕೊಂಡು ಹೋದ ಲಿಪಿಡ್ ಕೆಲಸದವರಿಗೂ ಅಷ್ಟೇ ಗೌರವ ಸಲ್ಲಬೇಕು.

ಹಾಗಾದ್ರೆ ಸಮಸ್ಯೆ ಬಗೆಹರೀತಲ್ಲ?

ಇಲ್ಲ. 2013ರಲ್ಲಿ ಒಂದು ತಂಡ ಇಂಥ ಕಣಗಳನ್ನ ಬೆನ್ನಟ್ಟಿ ಎಣಿಸಿ ನೋಡಿದಾಗ, ಜೀವಕೋಶ ನುಂಗಿದ ಆರ್‌ಎನ್‌ಎಯಲ್ಲಿ ಆ ಹುಳಿ ಚೀಲದಿಂದ ಆಚೆ ಬಂದಿದ್ದು ಬರೀ 1-2%. ಉಳಿದಿದ್ದೆಲ್ಲ ಜೀರ್ಣ ಆಗೋಯ್ತು, ಇಲ್ಲ ವಾಪಸ್ ಹೊರಗೆ ಬಿತ್ತು. ಅದನ್ನ 10% ಮಾಡೋಕೆ ಆದ್ರೂ ಡೋಸ್ ಎಷ್ಟು ಕಮ್ಮಿ ಆಗತ್ತೆ, ಬೆಲೆ ಎಷ್ಟು ಇಳಿಯತ್ತೆ ಯೋಚನೆ ಮಾಡಿ.

ಎಲ್ಲಾ ಔಷಧಿನೂ ಲಿವರ್‌ಗೇ ಹೋಗತ್ತೆ ಅಂತಾರಲ್ಲ, ಯಾಕೆ?

ಕಣ ರಕ್ತಕ್ಕೆ ಬಿದ್ದ ತಕ್ಷಣ ಅಪೋ-ಇ ಅನ್ನೋ ಪ್ರೋಟೀನ್ ಬಂದು ಅದರ ಮೇಲೆ ಕೂರತ್ತೆ. ಆಗ ನೋಡೋಕೆ ನಮ್ಮದೇ ಕೊಲೆಸ್ಟ್ರಾಲ್ ಕಣದ ಹಾಗೆ ಆಗತ್ತೆ, ಕೊಲೆಸ್ಟ್ರಾಲ್ ಒಳಗೆ ಎಳ್ಕೊಳೋದೇ ಲಿವರ್ ಕೆಲಸ, ಅದು ಎಳ್ಕೊಳತ್ತೆ. ಜೊತೆಗೆ ಲಿವರ್‌ನ ರಕ್ತನಾಳದ ಗೋಡೆಲಿ ಈ ಗಾತ್ರದ ಕಣ ದಾಟೋವಂಥ ಕಿಂಡಿಗಳಿವೆ, ಮಾಂಸಖಂಡದಲ್ಲಿ, ಮೆದುಳಿನಲ್ಲಿ ಅಂಥ ಕಿಂಡಿ ಇಲ್ಲ. ಹಾಗಾಗಿ ಲಿವರ್ ಕಾಯಿಲೆ ಇರೋರಿಗೆ ಇದು ವರ, ಬೇರೆಯವರಿಗೆ ಇದೇ ಅಡ್ಡಿ. ಟೆಕ್ಸಸ್‌ನ ಡೇನಿಯಲ್ ಸೀಗ್ವರ್ಟ್ ತಂಡ 2020ರಲ್ಲಿ ಐದನೇ ಲಿಪಿಡ್ ಒಂದನ್ನ ಸೇರಿಸಿ, ಅದರ ವಿದ್ಯುದಂಶ ಬದಲಾಯಿಸಿ, ಇಲಿಗಳಲ್ಲಿ ಕಣವನ್ನ ಶ್ವಾಸಕೋಶಕ್ಕೆ, ಗುಲ್ಮಕ್ಕೆ ತಿರುಗಿಸಿ ತೋರಿಸ್ತು. ಮಾಂಸಖಂಡಕ್ಕೆ ಇನ್ನೂ ಅಷ್ಟು ಸಲೀಸಾದ ದಾರಿ ಇಲ್ಲ.

ಆ ಅಮೆರಿಕದ ಮಗು ವಿಷಯ ನಿಜಾನಾ? ಒಂದೇ ಮಗುಗೆ ಅಂತ ಔಷಧಿ ಮಾಡಿದ್ರಂತೆ?

ನಿಜ. ಕೆಜೆ ಅನ್ನೋ ಗಂಡುಮಗು, ಸಿಪಿಎಸ್1 ಅನ್ನೋ ಎಂಜೈಮ್ ಕೊರತೆಯಿಂದ ಹುಟ್ತು, ಪ್ರೋಟೀನ್ ತಿಂದ್ರೆ ಅಮೋನಿಯಾ ರಕ್ತದಲ್ಲಿ ತುಂಬಿ ಮೆದುಳಿಗೆ ಹೊಡೆಯೋ ಕಾಯಿಲೆ. ಫಿಲಡೆಲ್ಫಿಯಾದಲ್ಲಿ ರೆಬೆಕಾ ಆರೆನ್ಸ್-ನಿಕ್ಲಸ್, ಕಿರಣ್ ಮುಸುನೂರು ಅವರ ತಂಡ ಆ ಮಗುವಿನ ಜೀನ್‌ನಲ್ಲಿದ್ದ ತಪ್ಪಕ್ಷರಕ್ಕೆ ಅಂತಲೇ, ಡಿಎನ್‌ಎಯ ಒಂದೇ ಅಕ್ಷರ ತಿದ್ದೋ ಬೇಸ್ ಎಡಿಟರ್ ಒಂದನ್ನ ಸುಮಾರು ಆರು ತಿಂಗಳಲ್ಲಿ ತಯಾರು ಮಾಡಿ, ಲಿಪಿಡ್ ಕಣದಲ್ಲಿ ಇಟ್ಟು 2025ರ ಫೆಬ್ರವರಿಯಲ್ಲಿ ಕೊಟ್ರು. ಆಮೇಲೆ ಇನ್ನೂ ಎರಡು ಡೋಸ್ ಕೊಟ್ರು. ನಾನು ಎಲ್ಲರಿಗೂ ಒತ್ತಿ ಹೇಳೋದು ಈ ಎರಡನೇ, ಮೂರನೇ ಡೋಸ್ ಬಗ್ಗೆ. ಮೊದಲು ಕಮ್ಮಿ ಕೊಟ್ಟು, ಮಗು ತಡ್ಕೊಳತ್ತಾ ನೋಡಿ, ಆಮೇಲೆ ಜಾಸ್ತಿ ಮಾಡೋದು ವೈರಸ್‌ನಲ್ಲಿ ಆಗ್ತಿರಲಿಲ್ಲ. ಮಗು ಮೊದಲಿಗಿಂತ ಹೆಚ್ಚು ಪ್ರೋಟೀನ್ ತಡ್ಕೊಂಡಿತು, ಜೂನ್‌ನಲ್ಲಿ ಆಸ್ಪತ್ರೆಯಿಂದ ಮನೆಗೆ ಹೋಯ್ತು. ಆದ್ರೆ ಅದು ಲಿವರ್ ಕಾಯಿಲೆ ಆಗಿದ್ದಕ್ಕೇ ಇಷ್ಟು ಬೇಗ ಸಾಧ್ಯ ಆಗಿದ್ದು.

ಇದನ್ನೆಲ್ಲ ತಗೊಂಡ್ರೆ ನಮ್ಮ ಡಿಎನ್‌ಎ ಬದಲಾಗತ್ತಾ? ಮುಂದೆ ಹುಟ್ಟೋ ಮಕ್ಕಳಿಗೂ ಹೋಗತ್ತಾ?

ಏನು ಕಳಿಸ್ತಾರೆ ಅನ್ನೋದರ ಮೇಲೆ. ಬರೀ ಎಂಆರ್‌ಎನ್‌ಎ ಆದ್ರೆ ಪ್ರೋಟೀನ್ ಮಾಡಿ ಕೆಲವೇ ದಿನದಲ್ಲಿ ಕರಗೋಗತ್ತೆ, ಡಿಎನ್‌ಎ ಮುಟ್ಟಲ್ಲ. ಆ ಎಂಆರ್‌ಎನ್‌ಎ ಒಂದು ಜೀನ್ ಎಡಿಟರ್ ಮಾಡೋ ಥರದ್ದಾದ್ರೆ ಎಡಿಟರ್ ಹೋದ್ರೂ ಅದು ಮಾಡಿದ ತಿದ್ದುಪಡಿ ಆ ಜೀವಕೋಶದಲ್ಲಿ ಉಳಿಯತ್ತೆ. ಇವು ತಿದ್ದೋಕೆ ಹೋಗೋದು ಲಿವರ್ ಅಥವಾ ರಕ್ತದ ಜೀವಕೋಶಗಳನ್ನ, ಅಂಡಾಣು ವೀರ್ಯಾಣುವನ್ನಲ್ಲ, ಮತ್ತೆ ಟ್ರಯಲ್‌ಗೆ ಮುಂಚೆ ಅಲ್ಲಿಗೆ ಹೋಗಲ್ಲ ಅಂತ ಪರೀಕ್ಷೆ ಮಾಡಿ ತೋರಿಸಬೇಕು.

ವೈರಸ್ ಇಲ್ಲ ಅಂದ್ಮೇಲೆ ಅಪಾಯನೂ ಇಲ್ಲ ತಾನೇ?

ದಯವಿಟ್ಟು ಹಾಗೆ ಅನ್ಕೋಬೇಡಿ. ಪೆಗ್‌ಗೆ ಕೆಲವರಲ್ಲಿ ಆಂಟಿಬಾಡಿ ಬರತ್ತೆ. ಪ್ಯಾಟಿಸಿರಾನ್ ಹಾಕೋ ಮುಂಚೆ ರಿಯಾಕ್ಷನ್ ಆಗದಿರಲಿ ಅಂತ ಸ್ಟೀರಾಯ್ಡ್ ಕೊಡ್ತಾರೆ. ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಡಿಎನ್‌ಎ ಕೊಟ್ರೆ ಇದು ಸೋಂಕು ಅಂತ ಮೈ ಕೆರಳತ್ತೆ. ಆಸ್ಟ್ರೇಲಿಯಾದಲ್ಲಿ ಪಿಗ್ಗಿಬ್ಯಾಕ್ ಅನ್ನೋ, ಪತಂಗದಿಂದ ಬಂದ ಜಿಗಿಯೋ ಜೀನ್ ಬಳಸಿ ವೈರಸ್ ಇಲ್ಲದೆ ಕಾರ್-ಟಿ ಜೀವಕೋಶ (ಕ್ಯಾನ್ಸರ್ ಮೇಲೆ ದಾಳಿ ಮಾಡೋ ಹಾಗೆ ತಿದ್ದಿದ ಬಿಳಿ ರಕ್ತಕಣ) ಮಾಡಿ 10 ಜನಕ್ಕೆ ಕೊಟ್ಟಿದ್ರು, ಅದರಲ್ಲಿ ಇಬ್ಬರಿಗೆ ಆ ಕೊಟ್ಟ ಜೀವಕೋಶಗಳೇ ಲಿಂಫೋಮಾ ಅನ್ನೋ ಕ್ಯಾನ್ಸರ್ ಆದ್ವು, 2021ರಲ್ಲಿ ವರದಿ ಬಂತು. ಪ್ಯಾಟಿಸಿರಾನ್ ತಡೆಯೋ ಅದೇ ಪ್ರೋಟೀನ್‌ನ ಜೀನನ್ನ, ಅಂದ್ರೆ ಟಿಟಿಆರ್ ಜೀನನ್ನ, ಲಿವರ್‌ನಲ್ಲೇ ಎಡಿಟ್ ಮಾಡೋ ಲಿಪಿಡ್ ಕಣದ ಔಷಧಿ 2021ರಲ್ಲಿ ಮೊದಲ 6 ರೋಗಿಗಳಲ್ಲಿ ಅದ್ಭುತ ಅನ್ನಿಸ್ತು, ಜಾಸ್ತಿ ಡೋಸ್ ತಗೊಂಡವರಲ್ಲಿ ಆ ಪ್ರೋಟೀನ್ ಸರಾಸರಿ 87% ಇಳಿದಿತ್ತು, ಆದ್ರೆ 2025ರಲ್ಲಿ ದೊಡ್ಡ ಟ್ರಯಲ್‌ನಲ್ಲಿ ಒಬ್ಬರಿಗೆ ಲಿವರ್ ತೊಂದರೆ ತೀವ್ರ ಆಗಿ ಡೋಸ್ ಕೊಡೋದನ್ನ ನಿಲ್ಲಿಸಬೇಕಾಯ್ತು.

ಇನ್ನು ಅಪಾಯ ಇಲ್ಲದೆಯೂ ಸೋತಿದ್ದಿವೆ. ಬ್ರಿಟನ್ನಿನಲ್ಲಿ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಗಟ್ಟಿ ಕಫ ಕಟ್ಟೋ ಜೀನ್ ಕಾಯಿಲೆ) ಇರೋರಿಗೆ ತಿಂಗಳಿಗೊಮ್ಮೆ ಒಂದು ವರ್ಷ ಲಿಪಿಡ್-ಡಿಎನ್‌ಎನ ನೆಬ್ಯುಲೈಸರ್‌ನಲ್ಲಿ ಕೊಟ್ರು. 2015ರಲ್ಲಿ ಬಂದ ಫಲಿತಾಂಶದಲ್ಲಿ ಸುಮ್ಮನೆ ಉಪ್ಪುನೀರು ಎಳ್ಕೊಂಡವರಿಗೂ ಇವರಿಗೂ ಉಸಿರಾಟದ ಅಳತೆಲಿ ವ್ಯತ್ಯಾಸ 3.7%. ವ್ಯತ್ಯಾಸ ಇತ್ತು ಅನ್ನೋದು ದೊಡ್ಡ ವಿಷಯವೇ, ಆದ್ರೆ ರೋಗಿಯ ಬದುಕು ಬದಲಾಗೋಕೆ ಅದು ಸಾಲದು.

ಸಿಕಲ್ ಸೆಲ್‌ಗೆ ಬಂದಿರೋ ಕ್ರಿಸ್ಪರ್ ಚಿಕಿತ್ಸೆಲಿ ವೈರಸ್ ಇದೆಯಾ?

ಸಿಕಲ್ ಸೆಲ್ ಅಂದ್ರೆ ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗೋ ಕಾಯಿಲೆ, ಕ್ರಿಸ್ಪರ್ ಅಂದ್ರೆ ಜೀನ್ ಕತ್ತರಿಸಿ ತಿದ್ದೋ ಎಡಿಟರ್. ಆ ಚಿಕಿತ್ಸೆಯ ಹೆಸರು ಕ್ಯಾಸ್ಜೆವಿ, ಅದರಲ್ಲಿ ವೈರಸ್ ಇಲ್ಲ. ರೋಗಿಯ ಮೂಳೆ ಮಜ್ಜೆಯಲ್ಲಿ ಹುಟ್ಟೋ, ರಕ್ತಕಣಗಳನ್ನ ಮಾಡೋ ಕಾಂಡಕೋಶಗಳನ್ನ ಹೊರಗೆ ತೆಗೆದು, ಕ್ಷಣಕಾಲ ಕರೆಂಟ್ ಕೊಟ್ರೆ ಪೊರೆಯಲ್ಲಿ ಸಣ್ಣ ತೂತುಗಳಾಗತ್ವೆ, ಆ ತೂತಲ್ಲಿ ಎಡಿಟರ್ ಒಳಗೆ ಹೋಗತ್ತೆ, ಆಮೇಲೆ ತೂತು ಮುಚ್ಕೊಳತ್ತೆ. ಇದಕ್ಕೆ ಎಲೆಕ್ಟ್ರೊಪೊರೇಶನ್ ಅಂತಾರೆ. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ವು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ತಿದ್ದಿದ ಜೀವಕೋಶ ವಾಪಸ್ ಕೊಡೋ ಮುಂಚೆ ಕೀಮೋ ಕೊಟ್ಟು ಹಳೇ ಮಜ್ಜೆ ಖಾಲಿ ಮಾಡಬೇಕು, ವಾರಗಟ್ಟಲೆ ಆಸ್ಪತ್ರೆ. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಸೋಲಿಗರು, ಜೇನುಕುರುಬರಲ್ಲೂ ಸಿಕಲ್ ಸೆಲ್ ಇದೆ, ಹಾಡಿಯಿಂದ ಬಂದ ಹುಡುಗಿಗೆ ಈ ಥರದ ಚಿಕಿತ್ಸೆ ಹೇಗೆ ಕೈಗೆಟುಕತ್ತೆ ಹೇಳಿ. ಮೈಯೊಳಗೇ, ಒಂದು ಡ್ರಿಪ್‌ನಲ್ಲಿ, ಮಜ್ಜೆಗೆ ನೇರ ತಲುಪೋ ಕಣ ಬೇಕು ಅಂತ ಜನ ಹಠ ಹಿಡಿದು ಕೆಲಸ ಮಾಡ್ತಿರೋದು ಇದಕ್ಕೇ.

ನಮ್ಮ ದೇಶದಲ್ಲಿ ಯಾರಾದ್ರೂ ಮಾಡ್ತಿದಾರಾ?

ಮಾಡ್ತಿದಾರೆ, ಇವತ್ತು ನಿನ್ನೆಯಿಂದ ಅಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಶಾಂತನು ಭಟ್ಟಾಚಾರ್ಯ ಅವರ ತಂಡ ಕೊಲೆಸ್ಟ್ರಾಲ್‌ನಿಂದ ಜೋಡಿ ಲಿಪಿಡ್‌ಗಳನ್ನ ಮಾಡಿ ಜೀನ್ ಕಳಿಸೋದರ ಮೇಲೆ ಬಹಳ ವರ್ಷ ಕೆಲಸ ಮಾಡಿದೆ. ಹೈದರಾಬಾದ್‌ನ ಐಐಸಿಟಿ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿ ಅರವಿಂದ ಚೌಧುರಿ, ದೆಹಲಿಯ ಐಜಿಐಬಿ ಅನ್ನೋ ಸಂಸ್ಥೆಯಲ್ಲಿ ಪೆಪ್ಟೈಡ್ (ಚಿಕ್ಕ ಪ್ರೋಟೀನ್ ತುಣುಕು) ದಾರಿಯಲ್ಲಿ ಮುನಿಯಾ ಗಂಗೂಲಿ ಕೆಲಸ ಮಾಡಿದಾರೆ. ಪುಣೆಯ ಜೆನೋವಾ 2022ರಲ್ಲಿ ತಂದ ಎಂಆರ್‌ಎನ್‌ಎ ಲಸಿಕೆನ ಸಾಮಾನ್ಯ ಫ್ರಿಜ್‌ನ 2-8 ಡಿಗ್ರಿಲಿ ಇಡಬಹುದಿತ್ತು, ನಮ್ಮ ತಾಲೂಕು ಆಸ್ಪತ್ರೆಗಳಿಗೆ ಇದು ಎಷ್ಟು ಮುಖ್ಯ ಅಂತ ನಾನು ಬೇರೆ ಹೇಳಬೇಕಿಲ್ಲ. 2025ರ ನವೆಂಬರ್‌ನಲ್ಲಿ ಐಜಿಐಬಿಯವರು ಸಿಕಲ್ ಸೆಲ್‌ಗೆ ಬಿರ್ಸಾ 101 ಅನ್ನೋ ಕ್ರಿಸ್ಪರ್ ಚಿಕಿತ್ಸೆ ಘೋಷಿಸಿದ್ರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಹಿಮೋಫಿಲಿಯಾ ಎ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರೋ ಐದು ಜನಕ್ಕೆ ಕೊಟ್ಟಿದ್ದು ಲೆಂಟಿವೈರಸ್ ಜೀನ್ ಥೆರಪಿ, ಅಂದ್ರೆ ವೈರಸ್ ದಾರಿನೇ, ಆದ್ರೆ ಅದರಿಂದ ಇಲ್ಲಿ ಇಂಥ ಟ್ರಯಲ್ ನಡೆಸೋ ಅನುಭವ ಬೆಳೀತು, ಅದು ಎಲ್ಲರಿಗೂ ಉಪಯೋಗ.

ಬೆಲೆ ಇಳಿಯತ್ತಾ?

ಇಳಿಯೋಕೆ ಕಾರಣ ಇದೆ. ವೈರಸ್‌ನ ಜೀವಂತ ಜೀವಕೋಶಗಳಲ್ಲಿ ಬೆಳೆಸಬೇಕು, ಖಾಲಿ ಚಿಪ್ಪು ಬೇರೆ ಮಾಡಬೇಕು, ಪ್ರತಿ ಬ್ಯಾಚೂ ಒಂದು ತಪಸ್ಸು. ಲಿಪಿಡ್ ಕಣ ಬಹುಪಾಲು ಕೆಮಿಸ್ಟ್ರಿ, ಒಳಗಿನ ಆರ್‌ಎನ್‌ಎ ಬದಲಾಯಿಸಿದ್ರೆ ಅದೇ ಯಂತ್ರದಲ್ಲಿ ಬೇರೆ ಔಷಧಿ. ಕೆಮಿಸ್ಟ್ರಿ ನಮ್ಮ ದೇಶಕ್ಕೆ ಹೊಸದಲ್ಲ. ಆದ್ರೆ ಪೇಟೆಂಟ್ ಇದೆ, ಟ್ರಯಲ್ ಖರ್ಚು ಇದೆ. ಕ್ಯಾಸ್ಜೆವಿಲೂ ವೈರಸ್ ಇಲ್ಲ, ಬೆಲೆ ನೋಡಿದ್ರಲ್ಲ.

ಕೊನೆಗೆ ಡುಶೇನ್‌ಗೆ ಏನು?

ಅಕ್ಕ ಪ್ರತಿ ಸಲ ಕೇಳೋದು ಇದು. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಎಟೆಪ್ಲಿರ್ಸೆನ್ ವೈರಸ್ ಇಲ್ಲದ ಔಷಧಿನೇ, ಜೀನ್‌ನಲ್ಲಿ ಕಳೆದುಹೋದ ಪುಟಗಳ ಪಕ್ಕದ ಪುಟವನ್ನೂ ಹಾರಿಸಿ ಮಿಕ್ಕಿದ್ದನ್ನ ಓದೋ ಹಾಗೆ ಮಾಡತ್ತೆ (ಇಂಥ ಒಂದು ಪುಟಕ್ಕೆ ಎಕ್ಸಾನ್ ಅಂತಾರೆ), ಎಕ್ಸಾನ್ 51 ಹಾರಿಸಿದ್ರೆ ಸರಿಹೋಗೋ ಸುಮಾರು 13% ಹುಡುಗರಿಗೆ ಮಾತ್ರ. ವಾರಕ್ಕೊಂದು ಡ್ರಿಪ್, ಅಷ್ಟಾದ್ರೂ ಮಾಂಸಖಂಡದಲ್ಲಿ ಸಿಕ್ಕ ಡಿಸ್ಟ್ರೋಫಿನ್ ಸರಾಸರಿ 1%ಗಿಂತ ಕಮ್ಮಿ. ಮಾಂಸಖಂಡದೊಳಗೆ ಹೋಗೋದೇ ಅಷ್ಟು ಕಮ್ಮಿ. ಈಗ ಇಂಥ ಔಷಧಿಯ ತುಣುಕನ್ನ ಒಂದು ಆಂಟಿಬಾಡಿಗೆ ಕಟ್ಟಿ ಕಳಿಸ್ತಿದಾರೆ. ಮಾಂಸಖಂಡ ಕಬ್ಬಿಣಾಂಶ ಒಳಗೆ ತಗೊಳೋಕೆ ಅಂತ ಇಟ್ಕೊಂಡಿರೋ ರಿಸೆಪ್ಟರ್‌ನ ಆ ಆಂಟಿಬಾಡಿ ಹಿಡ್ಕೊಳತ್ತೆ, ಅದರ ಜೊತೆ ಔಷಧಿನೂ ಒಳಗೆ. ಟ್ರಯಲ್‌ಗಳಲ್ಲಿ ಡಿಸ್ಟ್ರೋಫಿನ್ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಸಿಕ್ಕಿದೆ. ಬೆಂಗಳೂರಲ್ಲೇ ತಂದೆತಾಯಿಗಳು ಕಟ್ಟಿದ ಡಾರ್ಟ್ ಅನ್ನೋ ಟ್ರಸ್ಟ್ ಈ ಎಕ್ಸಾನ್ ಹಾರಿಸೋ ದಾರಿಯಲ್ಲಿ ಸಂಶೋಧನೆ ಮಾಡ್ತಿದೆ. ಪೂರ್ತಿ ಜೀನ್‌ನ ಮೈಯ ಎಲ್ಲಾ ಮಾಂಸಖಂಡಕ್ಕೆ, ಹೃದಯಕ್ಕೂ ಸೇರಿ ತಲುಪಿಸೋ ಕಣ ಇವತ್ತಿಗೆ ಇಲ್ಲ. ಅಕ್ಕನಿಗೂ ಹೀಗೇ ಹೇಳಿದೀನಿ, ಬೇರೆ ಥರ ಹೇಳೋಕೆ ನನಗೆ ಮನಸ್ಸು ಬರಲ್ಲ.

ಒಂದು ಕ್ಲಿನಿಕ್‌ನಲ್ಲಿ ದುಡ್ಡು ಕಟ್ಟಿದ್ರೆ ಈಗ್ಲೇ ಜೀನ್ ಇಂಜೆಕ್ಷನ್ ಕೊಡ್ತೀವಿ ಅಂದ್ರು, ಹೋಗೋಣ್ವಾ?

ಬೇಡ. ಟ್ರಯಲ್ ಆಗಿದ್ರೆ ಸಿಟಿಆರ್‌ಐ ಅನ್ನೋ ಸರ್ಕಾರಿ ವೆಬ್‌ಸೈಟ್‌ನಲ್ಲಿ ನೋಂದಣಿ ಇರಲೇಬೇಕು, ಯಾರು ಬೇಕಾದ್ರೂ ಹುಡುಕಿ ನೋಡಬಹುದು, ನಂಬರ್ ಕೇಳಿ. ಟ್ರಯಲ್ ಔಷಧಿಗೆ ನಿಮ್ಮ ಹತ್ರ ಲಕ್ಷಗಟ್ಟಲೆ ಕೇಳ್ತಾರೆ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಮನೆಯವರೂ ಒಮ್ಮೆ ಇಂಥ ಕಡೆ ಹೋಗಿ ಒಡವೆ ಅಡ ಇಟ್ಟು ದುಡ್ಡು ಕಟ್ಟಿದ್ರು, ಹುಡುಗನಿಗೆ ಚುಚ್ಚಿದ್ದು ಏನು ಅಂತ ಒಂದು ಕಾಗದವೂ ಕೊಡಲಿಲ್ಲ.

ಹಾಗಾದ್ರೆ ಸದ್ಯಕ್ಕೆ ನಾವು ಏನು ಮಾಡ್ಕೊಂಡಿರಬೇಕು?

ಜೆನೆಟಿಕ್ ಟೆಸ್ಟ್ ರಿಪೋರ್ಟ್ ಇಲ್ಲದೇ ಇದ್ರೆ ಮಾಡಿಸಿ, ಇದ್ರೆ ಅದರಲ್ಲಿ ಯಾವ ಎಕ್ಸಾನ್ ಹೋಗಿದೆ ಅಂತ ಜೆನೆಟಿಕ್ ಕೌನ್ಸೆಲರ್ ಹತ್ರ ಕೇಳಿ ಬರೆದಿಟ್ಕೊಳ್ಳಿ, ಯಾವ ಟ್ರಯಲ್ ಬಂದ್ರೂ ಮೊದಲು ಕೇಳೋದೇ ಅದು. ಹೃದಯ ಮತ್ತೆ ಉಸಿರಾಟದ ಚೆಕಪ್ ತಪ್ಪಿಸಬೇಡಿ, ಸ್ಟೀರಾಯ್ಡ್ ಡಾಕ್ಟರ್ ಹೇಳದೆ ನಿಲ್ಲಿಸಬೇಡಿ, ಕಾಲಿನ ಸ್ಟ್ರೆಚಿಂಗ್ ದಿನಾ ಮಾಡಿಸಿ. ರಿಪೋರ್ಟ್‌ನ ಫೋಟೋ ತೆಗೆದು ಫೋನ್‌ನಲ್ಲೂ ಇಟ್ಕೊಂಡಿರಿ, ನಮ್ಮದು ಮನೆ ಬದಲಾಯಿಸುವಾಗ ಕಳೆದುಹೋಗಿ ಮತ್ತೆ ಟೆಸ್ಟ್ ಮಾಡಿಸಬೇಕಾಯ್ತು.